ಗಡಿಯಾರದ ಸೆಲ್ಲು ಬೇರೆ, ಬಿ.ಪಿ. ಮಷಿನ್ನಿನದು ಬೇರೆ

ಅತ್ತಿಗೆ, ರವಿವಾರದ ಸಂತೆಗೆ ಕಾರವಾರಕ್ಕೆ ಹೋಗುತ್ತೀರಲ್ಲ, ಸೆಲ್ಲು ತರುವುದಿದ್ದರೆ ಎಲ್ಲಕ್ಕೂ ಒಂದೇ ಜಾತಿಯದನ್ನು ತರಬೇಡಿ. ದುಬಾರಿಯದಾದರೆ ಎಲ್ಲ ಕಡೆಗೂ ಒಳ್ಳೆಯದು ಅಂತ ಹೇಳುವವರಿದ್ದಾರೆ. ಹಾಗೇನಿಲ್ಲ. ಗೋಡೆ ಗಡಿಯಾರ ತೊಟ್ಟು ತೊಟ್ಟು ನೀರು ಕುಡಿಯುವ ಗುಬ್ಬಿಯಾದರೆ ಅಣ್ಣನ ಬಿ.ಪಿ. ಮಷಿನ್ನು ಗದ್ದೆ ಉತ್ತು ಬಂದ ಎತ್ತು. ಎರಡಕ್ಕೂ ಹಾಕುವ ಸೆಲ್ಲಿನ ಗಾತ್ರ ಒಂದೇ ಇರಬಹುದು, ಹಸಿವು ಒಂದೇ ಅಲ್ಲ.

ಗಡಿಯಾರಕ್ಕೆ ಸಾದಾ ಕಾರ್ಬನ್-ಜಿಂಕ್ ಸೆಲ್ಲು ಧಾರಾಳ ಸಾಕು. ಲೆಕ್ಲಾಂಶೆ ಅಂತ ಒಬ್ಬ ಫ್ರೆಂಚ್ ಎಂಜಿನಿಯರ್ 1866ರಲ್ಲಿ ಮಾಡಿದ ಸೆಲ್ಲಿನ ವಂಶದ್ದೇ ಅದು. ಚೂರು ಚೂರು ಕರೆಂಟನ್ನು ವರ್ಷಗಟ್ಟಲೆ ಕೊಡುತ್ತಾ ಇರುತ್ತದೆ. ಟೀವಿ ರಿಮೋಟಿಗೂ ಅದೇ ಆದೀತು. ಆದರೆ ಬಿ.ಪಿ. ಮಷಿನ್ನಿನಲ್ಲಿ ತೋಳಿನ ಪಟ್ಟಿಗೆ ಗಾಳಿ ತುಂಬುವ ಮೋಟರಿದೆ. ಅದು ಒಮ್ಮೆಲೇ ಎಳೆಯುವಾಗ ಸಾದಾ ಸೆಲ್ಲಿನ ವೋಲ್ಟೇಜು ಕುಸಿದು, ಅರ್ಧ ಗಾಳಿ ತುಂಬಿಕೊಂಡು ಮಷಿನ್ನು ನಿಂತೇ ಬಿಡುತ್ತದೆ. ಅಲ್ಲಿಗೆ ಆಲ್ಕಲೈನ್ ಬೇಕು. ಮೊಮ್ಮಗನ ಓಡುವ ಕಾರಿಗೂ ಅದೇ. ಅವನು ದಿನಾ ಓಡಿಸುವವನಾದರೆ ಚಾರ್ಜ್ ಮಾಡುವ ಸೆಲ್ಲು ತೆಗೆದುಕೊಳ್ಳಿ. ಅದರ ಮೇಲೆ 1.5 ಅಲ್ಲ, 1.2 ವೋಲ್ಟ್ ಅಂತ ಬರೆದಿರುತ್ತದೆ, ಹೆದರಬೇಡಿ; ಮೋಟರು ಎಳೆದರೂ ಅದು ಅಷ್ಟಕ್ಕೇ ನಿಂತಿರುತ್ತದೆ. ಗಡಿಯಾರಕ್ಕೆ ಮಾತ್ರ ಅದನ್ನು ಹಾಕಬೇಡಿ. ಕೆಲಸವಿಲ್ಲದೆ ಕೂತರೂ ತಾನಾಗಿ ಇಳಿಯುವ ಗುಣ ಅದಕ್ಕೆ.

ನಮ್ಮ ಅರ್ಗಾದಲ್ಲಿ ಇದಕ್ಕಿಂತ ದೊಡ್ಡ ಚಿಂತೆ ಸೆಲ್ಲು ಒಸರುವುದು. ಸಮುದ್ರ ಇಷ್ಟು ಹತ್ತಿರ, ಗಾಳಿಯಲ್ಲೇ ಉಪ್ಪು. ಮೇಲಿಂದ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ರೇಡಿಯೋದ ಸ್ಪ್ರಿಂಗು, ಟಾರ್ಚಿನ ತಗಡು ಹಸಿರುಗಟ್ಟುವುದಕ್ಕೆ ಒಂದು ಆಷಾಢ ಸಾಕು. ಸಾದಾ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಉರುವಲು. ಕರೆಂಟು ಕೊಟ್ಟ ಹಾಗೆ ಆ ಗೋಡೆಯೇ ಸವೆಯುತ್ತದೆ, ಕೊನೆಗೆ ತೂತಾಗಿ ಒಳಗಿನ ರಸ ಹೊರಗೆ ಬರುತ್ತದೆ. ಆಲ್ಕಲೈನ್‌ಗೆ ಉಕ್ಕಿನ ಡಬ್ಬಿ, ಆದರೂ ಮುಗಿದ ಮೇಲೆ ಒಳಗೆ ಗ್ಯಾಸು ಕಟ್ಟಿ ಬಿರಡೆ ಒಡೆಯುತ್ತದೆ. ಬಿಳಿ ಹುಡಿ ಬರುವುದು ಹೀಗೆ. ಮುಗಿದ ಸೆಲ್ಲನ್ನು ಅಲ್ಲೇ ಬಿಟ್ಟರೆ ಎರಡೂ ಕೆಡುಕೇ. ಎಷ್ಟೋ ಮನೆಗಳಲ್ಲಿ ರೇಡಿಯೋ ಹಾಳಾದದ್ದು ಹಾಡಿಯಲ್ಲ, ಕಪಾಟಿನಲ್ಲಿ ಸುಮ್ಮನೆ ಕೂತು.

ಹುಡಿ ಬಂದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನಿನದು ಕ್ಷಾರ, ಬಟ್ಟೆ ತುದಿಗೆ ಒಂದು ಹನಿ ವಿನೆಗರ್ ಹಾಕಿ ಒರೆಸಿ. ಸಾದಾ ಸೆಲ್ಲಿನದು ಹುಳಿಯ ಪೈಕಿ, ಅದಕ್ಕೆ ನೀರಲ್ಲಿ ಕಲಸಿದ ಅಡುಗೆ ಸೋಡಾ. ಚೆನ್ನಾಗಿ ಒಣಗಿದ ಮೇಲೆ ಹೊಸ ಸೆಲ್ಲು.

ಒಂದು ಹಳೆಯದು, ಒಂದು ಹೊಸದು ಸೇರಿಸಿ ಹಾಕುತ್ತೀರಲ್ಲ, ಅದನ್ನೂ ಬಿಡಬೇಕು. ಹಳೆಯದು ಖಾಲಿಯಾದ ಮೇಲೂ ಹೊಸದು ಅದರ ಮೂಲಕವೇ ಕರೆಂಟು ದೂಡುತ್ತದೆ. ಸತ್ತ ಸೆಲ್ಲಿಗೆ ಉಲ್ಟಾ ಚಾರ್ಜ್ ಆಗಿ ಅದು ಒಸರುತ್ತದೆ. ಉಳಿಸಿದ್ದು ಒಂದು ಸೆಲ್ಲು, ಹೋಗುವುದು ಇಡೀ ಟಾರ್ಚು. ಹಿಂದೆ ಅಜ್ಜಂದಿರು ಸೆಲ್ಲನ್ನು ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಬಿಸಿಗೆ ಒಳಗಿನ ಕ್ರಿಯೆ ಸ್ವಲ್ಪ ಚುರುಕಾಗಿ ಒಂದೆರಡು ದಿನ ಬೆಳಕು ಬರುತ್ತಿತ್ತು, ಅಷ್ಟೇ. ಫ್ರಿಜ್ಜಿನಲ್ಲೂ ಇಡಬೇಡಿ, ಹೊರಗೆ ತೆಗೆದಾಗ ನಮ್ಮ ಸೆಕೆಗೆ ಮೈತುಂಬ ನೀರಾಗುತ್ತದೆ.

ಚಾರ್ಜಿಂಗ್ ಟಾರ್ಚಿನ ಕತೆ ಬೇರೆಯೇ. ದೀಪಾವಳಿ ಹೊತ್ತಿಗೆ ಒಳಗಿಟ್ಟು ಜೂನಿನಲ್ಲಿ, ದಾರಿಯಲ್ಲಿ ಹಾವು ನೋಡಬೇಕಾದ ರಾತ್ರಿ ಒತ್ತಿದರೆ ಬೆಳಕಿಲ್ಲ. ಸೀಸದ ಬ್ಯಾಟರಿ ಇದ್ದರೆ ಖಾಲಿ ಕೂತಷ್ಟೂ ಒಳಗೆ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ.

ಇನ್ವರ್ಟರ್ ತರುವ ಮಾತಾಡುತ್ತಿದ್ದರಲ್ಲ ಅಣ್ಣ? ನಮ್ಮ ತಾಲೂಕಿನ ಕೈಗಾದಲ್ಲೇ 220 ಮೆಗಾವಾಟಿನ ನಾಲ್ಕು ಘಟಕ ಕರೆಂಟು ಮಾಡುತ್ತವೆ, ನಿಜ. ಆದರೆ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಕೈಗಾ ಏನು ಮಾಡೀತು? ಇಂಥ ಉದ್ದ ಕತ್ತಲೆಗೆ ಟ್ಯೂಬುಲರ್ ಬ್ಯಾಟರಿಯೇ ಸರಿ. ಕಾರಿನದು ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರ ತೆಳು ಪ್ಲೇಟು ಎಂಜಿನ್ ಎಬ್ಬಿಸುವ ಒಂದು ಕ್ಷಣಕ್ಕೆ ಮಾಡಿದ್ದು. 12 ವೋಲ್ಟಿನ 150 ಎ.ಎಚ್. ಬ್ಯಾಟರಿ ಅಂದರೆ 1800 ವಾಟ್-ಗಂಟೆ. ಪೂರ್ತಿ ಬರಿದು ಮಾಡುವ ಹಾಗಿಲ್ಲ, ಇನ್ವರ್ಟರೂ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 1100ರ ಆಸುಪಾಸು. 75 ವಾಟಿನ ಒಂದು ಫ್ಯಾನು, 9 ವಾಟಿನ ಮೂರು ಬಲ್ಬು ಸೇರಿ ನೂರು ವಾಟ್ ಹಿಡಿಯಿರಿ. ಹೊಸತರಲ್ಲಿ ಹತ್ತು ಗಂಟೆಯ ಮೇಲೆ, ಅಂದರೆ ಒಂದು ರಾತ್ರಿ ದಾಟುತ್ತದೆ. ಬಿ.ಎಲ್.ಡಿ.ಸಿ. ಫ್ಯಾನಾದರೆ 30 ವಾಟಿನ ಹತ್ತಿರ. ದೊಡ್ಡ ಬ್ಯಾಟರಿಗಿಂತ ಆ ಫ್ಯಾನಿಗೆ ದುಡ್ಡು ಹಾಕುವುದೇ ಜಾಣತನ ಅಂತ ನನಗನ್ನಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬಾವಿ ನೀರು ಹಾಕಲೇಬೇಡಿ, ಉಪ್ಪಿನಂಶ ಪ್ಲೇಟನ್ನು ತಿನ್ನುತ್ತದೆ. ಬ್ಯಾಟರಿ ಹಳತಾದರೆ ಅಂಗಡಿಗೇ ವಾಪಸು ಕೊಡಿ, ಸೀಸಕ್ಕೆ ಬೆಲೆ ಇದೆ.

ಅಯ್ಯೋ, ಹೊರಟಿರಾ? ಇದೊಂದು ಕೇಳಿಕೊಂಡು ಹೋಗಿ, ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ. ನಿಮ್ಮ ತೂಕದ ಮಷಿನ್ನಿನಲ್ಲಿ ನಾಣ್ಯದ ಹಾಗೆ ಚಪ್ಪಟೆ ಸೆಲ್ಲಿರುತ್ತದೆ, ಸಿಆರ್2032 ಅಂತ. ಎರಡು ಸೆಂಟಿಮೀಟರ್ ಅಗಲ, 3 ವೋಲ್ಟ್. ಚಿಕ್ಕ ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ಪಸೆಯಲ್ಲೇ ಕರೆಂಟು ಹರಿದು ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಸುಡಲು ಶುರುವಾಗುತ್ತದೆ. ಮಷಿನ್ನಿಗೆ ಸಾಲದಷ್ಟು ಇಳಿದ ಸೆಲ್ಲಾದರೂ ಮಗುವನ್ನು ಸುಡುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ. ಬದಲಿಸಿದ ಕೂಡಲೇ ಹಳೆಯದಕ್ಕೆ ಎರಡೂ ಕಡೆ ಟೇಪು ಸುತ್ತಿ ಎತ್ತರದಲ್ಲಿಡಿ, ಬೆನ್ನಿನ ಮುಚ್ಚಳಕ್ಕೆ ಸ್ಕ್ರೂ ಇರುವ ಆಟಿಕೆಯನ್ನೇ ಆರಿಸಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸುತ್ತಾ ಕೂರಬೇಡಿ, ನನ್ನನ್ನು ಕೂಗಿ. ಯಾವ ಹೊತ್ತಾದರೂ ಸರಿ, ಗಾಡಿ ತೆಗೆದು ನೇರ ಕಾರವಾರದ ಆಸ್ಪತ್ರೆಗೆ ಎಕ್ಸ್-ರೇಗೆ ಹೋಗೋಣ.