ಮಕ್ಕಳೊಂದಿಗೆ ಮೈಸೂರು

ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ. ರೈಲ್ವೆಯ ಈ ಔದಾರ್ಯದಲ್ಲಿ ಸಣ್ಣದೊಂದು ಕುಹಕವಿದೆ: ಟಿಕೆಟ್ಟಿಲ್ಲದ ಆ ಪುಟ್ಟ ಸವಾರಿಯೇ ಕಿಟಕಿ ಪಕ್ಕದ ಸೀಟು, ಅಪ್ಪನ ತೊಡೆ, ಅಮ್ಮನ ನಿದ್ದೆ ಮೂರನ್ನೂ ಆಕ್ರಮಿಸಿಕೊಳ್ಳುತ್ತದೆ. ಲಗೇಜಿನ ಮುಕ್ಕಾಲು ಪಾಲೂ ಅದರದೇ. ಆದರೂ ಪ್ರವಾಸ ಕೆಡುವುದು ಮಕ್ಕಳಿಂದಲ್ಲ, ದೊಡ್ಡವರ ಪಟ್ಟಿಯಿಂದ ಎಂಬುದು ನನ್ನ ವಾದ. ಬೆಳಿಗ್ಗೆ ಅರಮನೆ, ಆಮೇಲೆ ಮೃಗಾಲಯ, ಮಧ್ಯಾಹ್ನ ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ. ಮೈಸೂರನ್ನು ಒಂದೇ ದಿನದಲ್ಲಿ ಮುಗಿಸಹೊರಟ ಈ ಪಟ್ಟಿ ಕಂಡಿದ್ದರೆ ಒಡೆಯರೂ ಬೆವರುತ್ತಿದ್ದರೇನೋ. 1892ರಲ್ಲಿ ಶುರುವಾದ ಆ ಮೃಗಾಲಯದಲ್ಲಿ ಜಿರಾಫೆಯ ಮುಂದೆ ನಿಂತ ಮಗು ಸುಲಭಕ್ಕೆ ಕದಲುವುದಿಲ್ಲ. ಕೆಲವೊಮ್ಮೆ ಜಿರಾಫೆಯನ್ನೂ ಬಿಟ್ಟು ಕಾಲಬುಡದ ಇರುವೆ ಸಾಲಿಗೆ ಮನಸೋಲುತ್ತದೆ. ನಿಂತು ನೋಡುವುದೇ ಪ್ರವಾಸವಾದರೆ ಅಲ್ಲಿರುವ ನಿಜವಾದ ಪ್ರವಾಸಿ ಅದೊಂದೇ. ಉಳಿದವರು ಗಡಿಯಾರ ನೋಡುತ್ತಿರುತ್ತಾರೆ.

ಅಷ್ಟು ದುಡ್ಡು ಸುರಿದರೂ ಮಗುವಿಗೆ ಏನೂ ನೆನಪಿರುವುದಿಲ್ಲವಲ್ಲ ಎಂಬ ಆಕ್ಷೇಪ ಇದ್ದದ್ದೇ. ಮೂರು ವರ್ಷಕ್ಕೆ ಮುಂಚಿನದು ಬಹುತೇಕ ಯಾರಿಗೂ ನೆನಪಿರುವುದಿಲ್ಲ, ಒಪ್ಪೋಣ. ಆದರೆ ಹೋದ ತಿಂಗಳ ಊಟ ನೆನಪಿಲ್ಲವೆಂದು ಯಾರೂ ಮಗುವಿಗೆ ಅನ್ನ ಕಲಸುವುದನ್ನು ನಿಲ್ಲಿಸಿಲ್ಲ. ಹಾಗೆ ನೋಡಿದರೆ ದೊಡ್ಡವರ ನೆನಪೂ ಈಗ ಫೋನಿನಲ್ಲೇ ಇದೆ. ಅದರ ಚಾರ್ಜು ಮುಗಿದರೆ ಅರಮನೆಯೂ ಮುಗಿಯಿತು. ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗಬಹುದಲ್ಲ ಎನ್ನುವವರು ಅಜ್ಜಿಯನ್ನೂ ಒಂದು ಮಾತು ಕೇಳಲಿ. ದಿನಕ್ಕೆ ಒಂದು ಜಾಗ ಸಾಕು, ಅದೂ ಮಗುವಿನ ಮಧ್ಯಾಹ್ನದ ನಿದ್ದೆಗೆ ಮುಂಚೆ. ಹೊರಡುವಾಗ ವಾರವನ್ನೂ ನೋಡಿಕೊಳ್ಳಿ: ಮಂಗಳವಾರ ಮೃಗಾಲಯಕ್ಕೆ ಸಾಮಾನ್ಯವಾಗಿ ರಜೆ.