ಲೇಯರ್ ಮಾಸ್ತರ

ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಟ್ರ್ಯಾಕ್ಟರ್ ಶೋರೂಮು, ಆಮೇಲೆ ಗೊಬ್ಬರದಂಗಡಿ, ಇವೆರಡರ ಸಂದಿಯಲ್ಲಿ ಒಂದು ಗಾಜಿನ ಬಾಗಿಲು ಸಿಗುತ್ತದೆ. ಗಾಜಿನ ಮೇಲೆ ‘ಪ್ಲ್ಯಾನ್, ಎಸ್ಟಿಮೇಟ್, ತ್ರೀಡಿ, ವಾಸ್ತು’ ಎಂದು ಕೆಂಪು ಸ್ಟಿಕ್ಕರು. ಒಳಗೆ ಎಸಿ ಇದೆ. ಆದರೆ ಅದರ ಗಾಳಿ ಕಂಪ್ಯೂಟರಿನ ಕಡೆಗೆ, ಗಿರಾಕಿಗಳ ಕಡೆಗೆ ಫ್ಯಾನು. ಕರಿ ಪರದೆಯ ಮುಂದೆ ಎಡಗೈ ಕೀಬೋರ್ಡಿಗೂ ಬಲಗೈ ಮೌಸಿಗೂ ಕೊಟ್ಟು, ಬಂದವರ ಮುಖ ನೋಡದೆಯೇ ‘ಕುಂದರ್ರಿ’ ಎನ್ನುವವನೇ ಲೇಯರ್ ಮಾಸ್ತರ. ಲಿಂಗಸುಗೂರಿನಲ್ಲೂ ಇದ್ದಾನೆ, ಮಸ್ಕಿಯಲ್ಲೂ ಇದ್ದಾನೆ. ಮೂರೂರಿನ ಮಾಸ್ತರರೂ ಒಬ್ಬರನ್ನೊಬ್ಬರು ‘ಅವಂಗ ಲೇಯರ್ ಗೊತ್ತಿಲ್ಲ’ ಎಂದೇ ಪರಿಚಯಿಸುತ್ತಾರೆ.

ಈ ಸೀಮೆಯಲ್ಲಿ ಇವನ ಸಂತತಿ ಬೆಳೆದದ್ದು ನೀರಿನಿಂದ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರಿ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲಿ ಕ್ಯಾಂಪುಗಳಾದವು. ಭತ್ತ ರೊಕ್ಕವಾಯಿತು, ರೊಕ್ಕ ಸೈಟಾಯಿತು, ಸೈಟಿಗೆ ಪ್ಲ್ಯಾನು ಬೇಕಾಯಿತು. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಮಾಸ್ತರನ ಅಂಗಡಿಯಲ್ಲಿ ಕುರ್ಚಿ ಸಾಲುವುದಿಲ್ಲ. ಬಿಡದ ವರ್ಷ ಅವನು ಹಳೆಯ ಫೈಲುಗಳನ್ನು ತೆರೆದು, ಒಳಗೆ ಏನೂ ಇಲ್ಲದ ಲೇಯರುಗಳನ್ನು ಪರ್ಜ್ ಮಾಡುತ್ತ, ಅಣೆಕಟ್ಟಿನ ನೀರಿನ ಮಟ್ಟವನ್ನು ಪೇಪರಿನಲ್ಲಿ ಓದುತ್ತ ಕೂರುತ್ತಾನೆ.

ಓದಿದ್ದು ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್. ಊರು ಕರೆಯುವುದು ‘ಇಂಜಿನೇರ್ ಸಾಹೇಬ್ರ’ ಎಂದು. ಅವನು ತಿದ್ದಲು ಹೋಗುವುದಿಲ್ಲ. ಸಹಿ ಹಾಕಲು ಲೈಸೆನ್ಸ್ ಇರುವ ನಿಜವಾದ ಇಂಜಿನಿಯರ್ ಬೇರೆ ಊರಿನಲ್ಲಿದ್ದಾರೆ. ಅವರನ್ನು ಕಂಡವರು ಕಡಿಮೆ, ಅವರ ಸಹಿಯೂ ಮಾಸ್ತರನ ಫೈಲಿನಲ್ಲಿ ಒಂದು ಲೇಯರು. ಅವನ ಕಂಪ್ಯೂಟರಿಗೆ ನಕ್ಷೆ ಬರೆಯುವ ಆಟೋಕ್ಯಾಡ್ ಎಲ್ಲಿಂದ ಬಂತು ಎಂದು ಕೇಳುವುದು ಮಾತ್ರ ಮರ್ಯಾದಸ್ಥರ ಲಕ್ಷಣವಲ್ಲ.

ಮಾಸ್ತರನಿಗೆ ಲೇಯರ್ ಎಂದರೆ ಬರೀ ತಂತ್ರವಲ್ಲ, ದರ್ಶನ. ಹೊಸ ಗಿರಾಕಿ ಬಂದರೆ ಮೊದಲು ಉಪದೇಶ, ಆಮೇಲೆ ಅಳತೆ. ‘ಗೌಡ್ರ, ಪ್ಲ್ಯಾನ್ ಅಂದ್ರ ಒಂದು ಹಾಳಿ ಅಲ್ರಿ. ಒಂದರ ಮ್ಯಾಲ ಒಂದು ಇಟ್ಟ ಗಾಜಿನ ಹಾಳಿ. ಒಂದ್ರಾಗ ಗ್ವಾಡಿ, ಒಂದ್ರಾಗ ಬಾಗಲ, ಒಂದ್ರಾಗ ಕಂಬ, ಒಂದ್ರಾಗ ನೀರಿನ ಪೈಪು. ಬೇಕಾದ್ದು ಕಾಣತೈತಿ, ಬ್ಯಾಡಾದ್ದು ಮುಚ್ಚತೈತಿ.’ ಗೌಡರು ಗಂಭೀರವಾಗಿ ತಲೆಯಾಡಿಸಿ, ‘ಹಾಳಿಗೆಷ್ಟು?’ ಎನ್ನುತ್ತಾರೆ.

ಈ ದರ್ಶನ ಅವನಿಗೆ ಗುರುವಿನಿಂದ ಬಂದದ್ದು. ಗುರುವಿನ ಕಾಲದಲ್ಲಿ ಗಾಜಿನ ಹಾಳೆ ಉಪಮೆಯಾಗಿರಲಿಲ್ಲ, ನಿಜವಾಗಿಯೂ ಟ್ರೇಸಿಂಗ್ ಪೇಪರು ಇತ್ತು. ಅದರ ಮೇಲೆ ರೋಟ್ರಿಂಗ್ ಪೆನ್ನಿನಿಂದ ಗೆರೆ. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಪ್ರತಿ ಬೇಕೆಂದರೆ ಅಮೋನಿಯಾ ಪ್ರಿಂಟು, ಅದರ ವಾಸನೆಗೆ ಕಣ್ಣಲ್ಲಿ ನೀರು. ಮನೆಯೊಡೆಯ ಮನಸ್ಸು ಬದಲಾಯಿಸಿದ ಎಂದರೆ ಗುರುವಿಗೂ ಕಣ್ಣಲ್ಲಿ ನೀರು. 1982ರಲ್ಲಿ ಅಮೆರಿಕದ ಆಟೋಡೆಸ್ಕ್ ಕಂಪನಿ ಆಟೋಕ್ಯಾಡನ್ನು ಹೊರತಂದ ಮೇಲೆ ಬ್ಲೇಡು ಡಬ್ಬಿಗೆ ಹೋಯಿತು. ಮನಸ್ಸು ಬದಲಾಯಿಸುವ ಕೆಲಸ ಮಾತ್ರ ನೂರು ಪಟ್ಟು ಬೆಳೆಯಿತು.

ಮಾಸ್ತರನ ಮುಂದೆ ‘ಆಫ್’ ಮತ್ತು ‘ಫ್ರೀಜ್’ ಎರಡೂ ಒಂದೇ ಎಂದು ಅಪ್ಪಿತಪ್ಪಿಯೂ ಹೇಳಬಾರದು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹಾಗೆ ಹೇಳಿದ ದಿನ ಅಂಗಡಿಯಲ್ಲಿ ಚಹಾ ಬರಲಿಲ್ಲ. ‘ತಮ್ಮಾ, ಆಫ್ ಮಾಡಿದ ಲೇಯರ್ ಕಣ್ಣಿಗೆ ಕಾಣಂಗಿಲ್ಲ, ಆದ್ರ ಅಲ್ಲೇ ಕುಂತಿರತೈತಿ. ಇರೇಸ್ ಕೊಟ್ಟು ಆಲ್ ಅಂತ ಹೊಡಿ ನೋಡು, ಕಾಣದ್ದೂ ಅಳಿಸಿ ಹೊಕ್ಕೈತಿ. ಫ್ರೀಜ್ ಮಾಡಿದ್ದಕ್ಕ ಯಾರೂ ಕೈ ಹಚ್ಚಾಕ ಬರಂಗಿಲ್ಲ. ಲಾಕ್ ಮಾಡಿದ್ರ ಕಾಣತೈತಿ, ಅಲ್ಲಾಡಂಗಿಲ್ಲ.’ ಹುಡುಗ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮಾಸ್ತರ ಮುಂದುವರಿಸಿದ: ‘ಈಗ ಕೆಲಸ ನಡದಿರೋ ಕರೆಂಟ್ ಲೇಯರ್ ಐತಲ್ಲ, ಅದನ್ನ ಫ್ರೀಜ್ ಮಾಡಾಕ ಯಪ್ಪಾ ಅಂದ್ರೂ ಬರಂಗಿಲ್ಲ. ಮನಿಯಾಗ ರೊಕ್ಕ ಕೊಡಾವ ಇರ್ತಾನಲ್ಲ, ಅವನ ಕರೆಂಟ್ ಲೇಯರ್ ಅಂತ ತಿಳಕೋ.’

ಸೊನ್ನೆ ಲೇಯರಿನ ಬಗ್ಗೆ ಅವನಿಗೆ ವಿಶೇಷ ಭಕ್ತಿ. ಅದನ್ನು ಯಾರೂ ಅಳಿಸಲಾರರು, ಹೆಸರು ಬದಲಿಸಲಾರರು. ಸೊನ್ನೆ ಲೇಯರಿನಲ್ಲಿ ಹುಟ್ಟಿದ ಬ್ಲಾಕು, ಅಂದರೆ ಒಮ್ಮೆ ಬರೆದು ಮತ್ತೆ ಮತ್ತೆ ಬಳಸುವ ಚಿತ್ರ, ಯಾವ ಲೇಯರಿಗೆ ಹೋಗಿ ಸೇರಿತೋ ಅದರ ಬಣ್ಣವನ್ನೇ ತಾಳುತ್ತದೆ, ಥೇಟ್ ಮನೆಅಳಿಯನ ಹಾಗೆ. ಕೈಯಿಂದ ಬಣ್ಣ ಬಳಿಯುವವರನ್ನು ಕಂಡರೆ ಮಾತ್ರ ಮಾಸ್ತರನಿಗೆ ಆಗದು. ಬಣ್ಣ ಲೇಯರಿನಿಂದ ಬರಬೇಕು, ‘ಬೈಲೇಯರ್’ ಇರಬೇಕು. ಗೆರೆಗೊಂದು ಬಣ್ಣ ಕೊಟ್ಟವನು ಅವನ ಪಾಲಿಗೆ ಕುಲಗೇಡಿ.

ಲಿಂಗಸುಗೂರಿನ ಮಾಸ್ತರನ ಫೈಲು ಒಮ್ಮೆ ಪೆನ್‌ಡ್ರೈವಿನಲ್ಲಿ ಸಿಂಧನೂರಿಗೆ ಬಂತು. ಗಿರಾಕಿ ಜಗಳವಾಡಿ ಅಲ್ಲಿಂದ ಇಲ್ಲಿಗೆ ಬಂದಿದ್ದ. ನಮ್ಮ ಮಾಸ್ತರ ಫೈಲು ತೆರೆದು, ಎಲ್‌ಎ ಎಂದು ಹೊಡೆದು, ಲೇಯರ್ ಪಟ್ಟಿ ನೋಡಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಗ್ವಾಡಿ, ಬಾಗಲ, ಸಂಡಾಸು, ತೆಂಗಿನ ಗಿಡ, ಮುಂದೆ ನಿಲ್ಲಿಸಿದ ಕಾರು, ಎಲ್ಲವೂ ಸೊನ್ನೆ ಲೇಯರಿನಲ್ಲಿ. ಮಿಕ್ಕವುಗಳ ಹೆಸರು ಹೀಗಿದ್ದವು: ‘ಲೇಯರ್1’, ‘ಲೇಯರ್1-ಹೊಸದು’, ‘ಅತ್ತಿ-ರೂಮ್’, ‘ಅತ್ತಿ-ರೂಮ್-ಫೈನಲ್’, ‘ಅತ್ತಿ-ರೂಮ್-ಖರೇನ-ಫೈನಲ್’. ಕೇಳಿದರೆ ಲಿಂಗಸುಗೂರಿನವನದೂ ಒಂದು ತರ್ಕವಿದೆ. ಅವನ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ. ಅಲ್ಲಿ ನೆಲದೊಳಗೆ ಆಳಕ್ಕೊಂದು ಲೆವೆಲ್, ಲೆವೆಲ್ಲಿಗೊಂದು ನಕ್ಷೆ. ಗಣಿ ಕಂತ್ರಾಟದಾರರ ಹತ್ತಿರ ಕೆಲಸ ಕಲಿತ ಅವನು ಹೇಳುವುದು ಇಷ್ಟೇ: ‘ಬಂಗಾರ ಇದ್ದಲ್ಲಿ ಲೆವೆಲ್ ಹಾಕತಾರ್ರಿ. ಎರಡು ಬೆಡ್‌ರೂಮಿನ ಮನಿಯಾಗ ಏನೈತಿ?’

ಮಸ್ಕಿಯ ಮಾಸ್ತರನ ಗತ್ತೇ ಬೇರೆ. ಅವನ ಊರಿನ ಬೆಟ್ಟದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂಥ ಬಿರುದುಗಳಿಂದಷ್ಟೇ ಕಾಣುತ್ತಿದ್ದ ದೊರೆಗೆ ಅಶೋಕ ಎಂಬ ಹೆಸರೂ ಕೂಡಿಯೇ ಸಿಕ್ಕಿದ್ದು ಇಲ್ಲಿ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ಮಾಡಿ, ತಾಮ್ರಶಿಲಾಯುಗ, ಬೃಹತ್ ಶಿಲಾಸಮಾಧಿಗಳ ಕಾಲ, ಶಾತವಾಹನರ ಆಸುಪಾಸಿನ ಕಾಲ, ಮಧ್ಯಯುಗ ಎಂದು ಮಣ್ಣಿನ ಪದರಗಳನ್ನು ಬೇರೆ ಮಾಡಿ ತೋರಿಸಿದರು. ಮಸ್ಕಿಯವನಿಗೆ ಇಷ್ಟು ಸಾಕು. ‘ನಮ್ಮೂರಾಗ ಭೂಮಿನ ಲೇಯರ್ ಇಟ್ಟೈತ್ರಿ. ಅಶೋಕಂದು ಎರಡು ಸಾವಿರ ವರ್ಷ ಫ್ರೀಜ್ ಆಗಿತ್ತು, ಬೀಡನ್ ಸಾಹೇಬ ಥಾ ಮಾಡಿ ಫ್ರೀಜ್ ಬಿಡಿಸಿದ. ಡಿಲೀಟ್ ಯಾರೂ ಮಾಡಿದ್ದಿಲ್ಲ ನೋಡ್ರಿ.’ ಈ ಹೆಮ್ಮೆಗೆ ಒಂದು ಕಂದಾಯವೂ ಉಂಟು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಮೊದಲೇ ಅನುಮತಿ ಬೇಕು. ಹಾಗಾಗಿ ಅವನ ಪ್ರತಿ ಫೈಲಿನಲ್ಲೂ ‘ಅಶೋಕ-ರಿಂಗ್’ ಎಂಬ ಕೆಂಪು ಲೇಯರಿದೆ. ಸೈಟು ಆ ರಿಂಗಿನ ಒಳಗೆ ಬಂದರೆ ಗಿರಾಕಿ ಮೊದಲು ಕೇಳುವುದು, ‘ಅದನ್ನ ಆಫ್ ಮಾಡಾಕ ಬರಂಗಿಲ್ಲೇನ್ರಿ?’ ಎಂದು.

ಅಲ್ಲಿಗೆ ವಿಷಯಕ್ಕೆ ಬಂದೆವು. ಲೇಯರ್ ಹುಟ್ಟಿದ್ದು ನಕ್ಷೆ ಸ್ಪಷ್ಟವಾಗಲಿ ಎಂದು. ಈ ಮೂರೂರಿನಲ್ಲಿ ಅದು ಬಳಕೆಯಾಗುವುದು ಒಂದೇ ಮನೆಗೆ ಹಲವು ಸತ್ಯ ಹೇಳಲು. ಮನೆ ಕಟ್ಟಿಸುವ ಕುಟುಂಬ ಮಾಸ್ತರನ ಅಂಗಡಿಗೆ ಬರುವುದು ಒಂದು ಕ್ರೂಸರ್ ತುಂಬ. ಮಂಡಾಳು ವಗ್ಗರಣಿ, ಮಿರ್ಚಿ ಭಜಿ ಬರುತ್ತವೆ. ಅಜ್ಜ ಹೇಳುತ್ತಾನೆ, ‘ಆಯ ಕೂಡಬೇಕು.’ ಅಜ್ಜಿ ಹೇಳುತ್ತಾಳೆ, ‘ದೇವರಮನಿ ಈಶಾನ್ಯಕ್ಕ ಇರ್ಲೆಪಾ.’ ಸೊಸೆಗೆ ಅಡಿಗೆಮನೆಯಿಂದ ಪಡಸಾಲೆಯ ಟಿವಿ ಕಾಣಬೇಕು. ಅತ್ತೆಗೆ ಅದು ಕಾಣಬಾರದು. ಹೈದರಾಬಾದಿನಿಂದ ಫೋನಿನಲ್ಲಿ ಸೇರಿಕೊಂಡ ಮಗ, ‘ಓಪನ್ ಕಿಚನ್ ಹಾಕಿಸ್ರಿ’ ಎನ್ನುತ್ತಾನೆ. ಮಾಸ್ತರ ಯಾರಿಗೂ ಇಲ್ಲ ಎನ್ನುವುದಿಲ್ಲ. ಎಲ್ಲರಿಗೂ ಒಂದೊಂದು ಲೇಯರ್ ಮಾಡಿಕೊಡುತ್ತಾನೆ. ಅಜ್ಜಿ ಬಂದಾಗ ಅಜ್ಜಿಯದು ಆನ್, ಸೊಸೆ ಬಂದಾಗ ಸೊಸೆಯದು. ಎಲ್ಲರೂ ಒಟ್ಟಿಗೆ ಬಂದ ದಿನ ಅವನಿಗೆ ತಲೆನೋವು, ಅಂಗಡಿಗೆ ರಜೆ.

ಪ್ರಿಂಟಿನ ದಿನ ಅವನ ಕೌಶಲ ಕಾಣುವುದು. ಪರವಾನಗಿಗೆ ಕೊಡುವ ಹಾಳೆಯಲ್ಲಿ ಸುತ್ತಲೂ ಬಿಡಬೇಕಾದ ಜಾಗ ಬಿಟ್ಟಿರುತ್ತದೆ. ಗಾಳಿ ಆಡುತ್ತದೆ, ಮಳೆನೀರು ಕೊಯ್ಲಿನ ಗುಂಡಿಯೂ ಇದೆ. ಬ್ಯಾಂಕಿಗೆ ಕೊಡುವ ಹಾಳೆಯಲ್ಲಿ ಇಲ್ಲದ ಎರಡನೇ ಅಂತಸ್ತು ಎದ್ದು ನಿಂತಿದೆ, ಸಾಲ ಹೆಚ್ಚು ಬರಲಿ ಎಂದು. ಬೀಗರಿಗೆ ತೋರಿಸುವ ತ್ರೀಡಿಯಲ್ಲಿ ಮನೆಯ ಮುಂದೆ ಹುಲ್ಲುಹಾಸು, ಬಿಳಿ ಕಾರು, ಸಿಂಧನೂರಿನ ಬಿಸಿಲಿಗೆ ಒಂದು ದಿನವೂ ಬದುಕದ ಹೂವಿನ ಗಿಡ. ಬಾಜೂ ಸೈಟಿನವನಿಗೆ ತೋರಿಸುವ ಹಾಳೆಯಲ್ಲಿ ಕಾಂಪೌಂಡು ಅವನ ಕಡೆ ಒಂದು ಗೇಣೂ ಹೋಗಿಲ್ಲ. ನಾಲ್ಕೂ ಒಂದೇ ಫೈಲು. ಮಾಸ್ತರ ಸುಳ್ಳು ಹೇಳಿಲ್ಲ, ಲೇಯರ್ ಬದಲಿಸಿದ್ದಾನೆ ಅಷ್ಟೇ.

ಒಮ್ಮೆ ಮಾತ್ರ ಲೇಯರೇ ಅವನಿಗೆ ತಿರುಗಿಬಿತ್ತು. ಆಟೋಕ್ಯಾಡಿನಲ್ಲಿ ‘ಡೆಫ್‌ಪಾಯಿಂಟ್ಸ್’ ಎಂಬ ಲೇಯರೊಂದು ಉಂಟು. ನಕ್ಷೆಗೆ ಅಳತೆ ಹಾಕಿದ ಕೂಡಲೇ ತಾನೇ ಹುಟ್ಟುತ್ತದೆ. ಅದರಲ್ಲಿ ಬರೆದದ್ದು ಪರದೆಯ ಮೇಲೆ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. ಮಾಸ್ತರನ ಬಾಕಿ ವಹಿ ಇರುವುದೇ ಅಲ್ಲಿ. ಪ್ರತಿ ಪ್ಲ್ಯಾನಿನ ಪಕ್ಕದಲ್ಲೂ ಸಣ್ಣಕ್ಷರದಲ್ಲಿ ಗಿರಾಕಿಯ ಜಾತಕ: ಎಷ್ಟು ಕೊಟ್ಟ, ಎಷ್ಟು ಉಳಿಸಿಕೊಂಡ, ಗುಣ ಎಂಥದ್ದು. ಒಂದು ಸುಗ್ಗಿಯಲ್ಲಿ ಗಡಿಬಿಡಿಯಾಗಿ ಈ ಟಿಪ್ಪಣಿ ‘ಬಾಗಲ’ ಲೇಯರಿಗೆ ಬಿತ್ತು. ಆರು ಪ್ರತಿಗಳು ಪ್ರಿಂಟಾದವು, ಸೀಲಾದವು, ಕಚೇರಿಗೂ ಹೋದವು. ಮುಖ್ಯ ದ್ವಾರದ ಪಕ್ಕದಲ್ಲೇ ಸ್ಪಷ್ಟವಾಗಿ ಅಚ್ಚಾಗಿತ್ತು: ‘ಅರ್ಧ ಕೊಟ್ಟಾನ. ಜುಗ್ಗ. ಪೂರಾ ಬಂದ ಮ್ಯಾಲ ಪ್ಯಾಸೇಜು ಅಗಲ ಮಾಡು.’ ಕಚೇರಿಯವರು ಅದನ್ನು ಓದದೆಯೇ ಮಂಜೂರು ಮಾಡಿದರು. ಓದಿದವನು ಗಿರಾಕಿ. ಅವನು ಉಳಿದ ಅರ್ಧವನ್ನು ತಂದು ಮೇಜಿನ ಮೇಲಿಟ್ಟು ಕೇಳಿದ್ದು ಒಂದೇ ಮಾತು: ‘ಈಗ ಪ್ಯಾಸೇಜು ಅಗಲ ಆಕ್ಕೈತೇನ್ರಿ?’

ಇಷ್ಟೆಲ್ಲ ಪದರಗಳ ಕೊನೆಯಲ್ಲಿ ಗೌಂಡಿ ಬರುತ್ತಾನೆ. ಅವನಿಗೆ ಮಾಸ್ತರನ ಯಾವ ಲೇಯರೂ ಗೊತ್ತಿಲ್ಲ. ಮಡಚಿ ಮಡಚಿ ಬೆವರಿಗೆ ಒದ್ದೆಯಾದ ಪ್ಲ್ಯಾನನ್ನು ಒಮ್ಮೆ ನೋಡಿ ಇಟ್ಟಿಗೆಯ ಕೆಳಗಿಡುತ್ತಾನೆ. ದಾರ ಹಿಡಿದು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾನೆ. ‘ಅಮ್ಮಾರ, ಬಾಗಲ ಇಲ್ಲಿರ್ಲೋ, ಅಲ್ಲಿರ್ಲೋ?’ ಎಂದು ಕೇಳುತ್ತಾನೆ. ಸಣ್ಣ ಕೋಲು ಹಿಡಿದು ನಿಂತ ಅಜ್ಜಿ, ‘ಅಲ್ಲೆ’ ಎನ್ನುತ್ತಾಳೆ. ಅಲ್ಲಿಗೆ ಹಾಳಿಗಳ ಕಾಲ ಮುಗಿಯಿತು. ಸುಣ್ಣದ ಗೆರೆಯನ್ನು ಆಫ್ ಮಾಡಲು ಬಾರದು. ಅದರ ಮೇಲೆ ಬುನಾದಿ ಏಳುತ್ತದೆ.

ಮಾಸ್ತರನನ್ನು ಬೈಯುವುದು ಸುಲಭ. ಆದರೆ ಅವನ ಹತ್ತಿರ ನಾಲ್ಕು ಹಾಳೆ ಕೇಳಿದವರು ನಾವೇ. ಕಚೇರಿಗೊಂದು, ಬ್ಯಾಂಕಿಗೊಂದು, ಬೀಗರಿಗೊಂದು, ಬಾಜೂದವನಿಗೊಂದು ಮುಖ ತೋರಿಸುವ ಚಪಲ ಊರಿನದು; ಅವನು ಅದಕ್ಕೆ ಬಣ್ಣ, ಹೆಸರು, ನಂಬರು ಕೊಟ್ಟು ಅಚ್ಚುಕಟ್ಟಾಗಿ ಇಟ್ಟಿದ್ದಾನೆ. ನಮ್ಮೆಲ್ಲರ ಖರೇ ಸಂಗತಿಯನ್ನು ಒಂದೇ ಫೈಲಿನಲ್ಲಿ ಕಾಪಾಡಿರುವವನು ಈ ಸೀಮೆಯಲ್ಲಿ ಅವನೊಬ್ಬನೇ.

ಈ ಸುಗ್ಗಿಗೆ ಮನೆ ಕಟ್ಟಿಸುವವರು ಇದ್ದರೆ ಒಂದು ಮಾತು ಕೇಳಿ. ಪ್ರಿಂಟನ್ನು ಮಾತ್ರ ನಂಬಬೇಡಿ, ಮಾಸ್ತರನಿಂದ ಡಿಡಬ್ಲ್ಯುಜಿ ಫೈಲನ್ನೂ ಇಸಿದುಕೊಳ್ಳಿ. ಕೊನೆಯ ಕಂತು ಕೊಡುವ ಮೊದಲು ಅವನ ಪಕ್ಕದಲ್ಲಿ ಕುಳಿತು, ಆಫ್ ಆದವನ್ನೂ ಫ್ರೀಜ್ ಆದವನ್ನೂ ಬಿಡದೆ ಎಲ್ಲ ಲೇಯರುಗಳನ್ನು ಒಮ್ಮೆ ಆನ್ ಮಾಡಿಸಿ. ನಿಮ್ಮ ಮನೆ ಹೇಗಿದೆ ಎನ್ನುವುದು ಆಗ ಕಾಣುತ್ತದೆ. ನೀವು ಎಂಥವರು ಎಂದು ಮಾಸ್ತರ ಬರೆದಿಟ್ಟಿರುವುದೂ ಕಾಣುತ್ತದೆ. ಅದಕ್ಕೆ ಮನೆಮಂದಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.