ಬಾದರಾಯಣ ಭಾವನ ಸಮುದ್ರಸ್ನಾನ

ನಮ್ಮವರಿಗೆ ಬಾದರಾಯಣ ಭಾವ ಅಂತ ಹೆಸರಿಟ್ಟವಳು ನನ್ನ ತಂಗಿ. ನಮ್ಮ ಗಾಡಿಯ ಚಕ್ರ ಎಲಚಿ ಮರದ್ದು, ನಿಮ್ಮ ಅಂಗಳದಲ್ಲಿ ಎಲಚಿ ಮರ ಇದೆ, ಆದ್ದರಿಂದ ನಾವು ನೀವು ನೆಂಟರು ಎಂದು ಊಟದ ಹೊತ್ತಿಗೆ ಸರಿಯಾಗಿ ಬಂದು ಮಣೆ ಹಾಕಿಸಿಕೊಂಡವನ ಕಥೆ ಇದೆಯಲ್ಲ, ಆ ಬಾದರಾಯಣ ಸಂಬಂಧ. ಆದರೆ ಕಥೆಯವನಿಗೆ ಊಟವಾದರೂ ಬೇಕಿತ್ತು. ಇವರಿಗೆ ಅದೂ ಬೇಡ, ಸಂಬಂಧ ಸಿಕ್ಕಿದರೆ ಸಾಕು, ತೇಗು ಬರುತ್ತದೆ.

ನಾವು ನ್ಯೂಜೆರ್ಸಿಗೆ ಬಂದು ಇಪ್ಪತ್ತೆರಡು ವರ್ಷ. ಎಡಿಸನ್ನಿನ ಓಕ್ ಟ್ರೀ ರೋಡಿನ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವವರು ಕಂಡರೆ ಇವರು ಮೆಲ್ಲ ಹೋಗಿ ಪಕ್ಕದಲ್ಲಿ ನಿಲ್ಲುತ್ತಾರೆ. ಕನ್ನಡ ಕಿವಿಗೆ ಬಿತ್ತೋ, ಶುರು. "ಊರು ಎಲ್ಲಿ ಆಯ್ತು?" ಪುತ್ತೂರು ಎಂದರೆ ಪುತ್ತೂರಿನಲ್ಲಿ ಎಲ್ಲಿ, ಪೇಟೆಯ ಈಚೆಗೋ ಆಚೆಗೋ, ಹೊಳೆ ದಾಟಬೇಕೋ ಬೇಡವೋ ಎನ್ನುತ್ತಾ ಅವರ ಮನೆಯ ಬಾವಿಕಟ್ಟೆಯವರೆಗೆ ಹೋಗುತ್ತಾರೆ. ಅಲ್ಲೂ ಏನೂ ಸಿಗದಿದ್ದರೆ ಕೊನೆಯ ಅಸ್ತ್ರ, "ಅಮ್ಮನ ತವರು?" ಇದರಿಂದ ಪಾರಾದವರನ್ನು ನಾನು ಒಬ್ಬರನ್ನು ಮಾತ್ರ ನೋಡಿದ್ದೇನೆ. ಅವರು ಬೆಳಗಾವಿ ಕಡೆಯವರು. ಆ ರಾತ್ರಿ ಇವರಿಗೆ ನಿದ್ದೆ ಇಲ್ಲ. ಮೂರನೆಯ ದಿನ ಬಚ್ಚಲಿನಿಂದ "ಸಿಕ್ಕಿತು!" ಎಂದು ಕೂಗಿಕೊಂಡರು. ಹಲ್ಲಿಯೋ ಏನೋ ಎಂದು ನಾನು ಪೊರಕೆ ಹಿಡಿದು ಓಡಿದೆ. ಬೆಳಗಾವಿಯವರ ಸೊಸೆಯ ಅಕ್ಕನನ್ನು ಕೊಟ್ಟದ್ದು ಕುಂದಾಪುರಕ್ಕಂತೆ.

ಇಂಥವರ ಜೊತೆ ಇಪ್ಪತ್ತೈದು ವರ್ಷ ಬಾಳಿದ್ದಕ್ಕೆ ಮಗಳು ನಮಗೊಂದು ಉಡುಗೊರೆ ಕೊಟ್ಟಳು. ಕೆರಿಬಿಯನ್ ಸಮುದ್ರದ ದಂಡೆಯಲ್ಲಿ ಐದು ದಿನ. "ನೀವಿಬ್ಬರೇ," ಎಂದು ಮೂರು ಸಲ ಹೇಳಿದಳು. ಜಮೈಕ ಬೇಡ, ಅಲ್ಲಿಗೆ ಕನ್ನಡಕೂಟದವರೆಲ್ಲ ಹೋಗುತ್ತಾರೆ. ಟ್ರಿನಿಡಾಡ್ ಬೇಡ, ಅಲ್ಲಿ ಅರ್ಧ ದ್ವೀಪವೇ ನಮ್ಮ ದೇಶದ ಕಡೆಯದು, ಅಪ್ಪ ವಾಪಸು ಬರುವುದಿಲ್ಲ ಎಂದು ಯೋಚಿಸಿ ಗ್ರೆನಾಡವನ್ನು ಆರಿಸಿದಳು. ಸಣ್ಣ ದ್ವೀಪ. ಜೆಎಫ್‌ಕೆಯಿಂದ ಸುಮಾರು ಐದು ಗಂಟೆಯ ದಾರಿ. ಫೆಬ್ರವರಿಯ ಹಿಮದಲ್ಲಿ ಕಾರಿನ ಗಾಜು ಕೆರೆಯುತ್ತಿದ್ದ ಇವರು ಒಂದೇ ಮಾತಿಗೆ ಒಪ್ಪಿಬಿಟ್ಟರು. ಅಷ್ಟು ಬೇಗ ಒಪ್ಪಿದ್ದೇ ನನಗೆ ಸಂಶಯ.

ಸಂಶಯ ವಿಮಾನದಲ್ಲಿ ನಿಜವಾಯಿತು. ಗ್ರೆನಾಡದಲ್ಲಿ 1976ರಲ್ಲಿ ಹುಟ್ಟಿದ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯ ಇದೆ, ಅಲ್ಲಿ ಡಾಕ್ಟರಿಕೆ ಓದಲು ನಮ್ಮ ಕಡೆಯ ಮಕ್ಕಳೂ ಬರುತ್ತಾರೆ ಎಂದು ಇವರಿಗೆ ಆಗಲೇ ಗೊತ್ತಿತ್ತು. 1983ರಲ್ಲಿ ಅಲ್ಲಿ ಕ್ರಾಂತಿ ಸರಕಾರದೊಳಗೇ ಹೊಡೆದಾಟ ಎದ್ದು ಪ್ರಧಾನಿ ಮಾರಿಸ್ ಬಿಷಪ್ ಕೊಲೆಯಾದಾಗ, ಅಮೆರಿಕದ ವಿದ್ಯಾರ್ಥಿಗಳನ್ನು ಕಾಪಾಡಬೇಕು ಎಂಬ ಕಾರಣ ಹೇಳಿ ರೇಗನ್ ಸಾವಿರಾರು ಸೈನಿಕರನ್ನು ಇಳಿಸಿದ್ದರು. ಈಗ ನಮ್ಮವರು ಒಬ್ಬರೇ ಇಳಿಯುತ್ತಿದ್ದರು. ಈ ಸಲ ವಿದ್ಯಾರ್ಥಿಗಳನ್ನು ಕಾಪಾಡುವವರು ಯಾರೂ ಇರಲಿಲ್ಲ.

ಇಳಿದ ನಿಲ್ದಾಣಕ್ಕೆ ಅದೇ ಮಾರಿಸ್ ಬಿಷಪ್ ಹೆಸರು. ಹೊರಗೆ ಟ್ಯಾಕ್ಸಿಯವನ ಮುಖ ನೋಡಿದರೆ ನಮ್ಮೂರ ಬಸ್ಸಿನ ಕಂಡಕ್ಟರೇ. ಇವರ ಕಣ್ಣು ಮಿಂಚಿತು. ಅವನ ಹಿರಿಯರು ಕಬ್ಬಿನ ತೋಟದ ಕೂಲಿಗೆ ಭಾರತದಿಂದ ಹಡಗಿನಲ್ಲಿ ಬಂದವರು. ಮೊದಲ ಹಡಗು 'ಮೇಡ್‌ಸ್ಟೋನ್' ಬಂದದ್ದು 1857ರ ಮೇ 1ರಂದು ಎಂದು ಅವನೇ ಹೇಳಿದ. "ಯಾವ ಜಿಲ್ಲೆ?" ಎಂದು ಇವರು ಕೇಳಿದರು. "ಗ್ವಾವ್," ಎಂದ. ಅದು ದ್ವೀಪದ ಪಡುವಣ ಕರೆಯ ಮೀನುಗಾರರ ಊರು. "ಅದಕ್ಕಿಂತ ಮೊದಲು?" ಅವನು ಕನ್ನಡಿಯಲ್ಲಿ ಇವರನ್ನು ನೋಡಿ, "ಅದಕ್ಕಿಂತ ಮೊದಲು ಸಮುದ್ರ," ಎಂದ. ಇವರು ಸುಮ್ಮನಾದರು. ಸಮುದ್ರದ ಅಮ್ಮನ ತವರು ಕೇಳುವ ಹಾಗಿಲ್ಲವಲ್ಲ.

ಗ್ರಾಂಡ್ ಆನ್ಸ್ ಸುಮಾರು ಮೂರು ಕಿಲೋಮೀಟರು ಉದ್ದದ ಬಿಳಿ ಮರಳಿನ ದಂಡೆ. ಬದಿಯಲ್ಲಿ ನಮ್ಮ ಕಡಲಕರೆಯದೇ ಕಾಡುಬಾದಾಮಿ ಮರಗಳು, ಕೆಳಗೆ ಕೆಂಪಾಗಿ ಉದುರಿದ ಅದೇ ಅಗಲ ಎಲೆಗಳು. ಬಿಳಿಯರು ಎಣ್ಣೆ ಹಚ್ಚಿಕೊಂಡು ಹಪ್ಪಳದ ಹಾಗೆ ಮಗುಚಿ ಮಗುಚಿ ಮಲಗಿದ್ದರು. ಇವರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೀರಿಗಿಳಿದು, ಮೂರು ಸಲ ಬೊಗಸೆಯಲ್ಲಿ ನೀರೆತ್ತಿ ತಲೆಗೆ ಚಿಮುಕಿಸಿಕೊಂಡು, ಪೂರ್ವ ಯಾವ ಕಡೆ ಎಂದು ನನ್ನನ್ನು ಕೇಳಿದರು. ಗೋಕರ್ಣಕ್ಕೆ ಬಂದ ಹಾಗೆ. ನಾನು ಮಗಳು ಕೊಡಿಸಿದ ಹೂಹೂವಿನ ಅಂಗಿ ಹಾಕಿಕೊಂಡು ಈ ತರ್ಪಣ ಮುಗಿಯುವುದನ್ನೇ ಕಾಯುತ್ತಾ ನಿಂತಿದ್ದೆ. ಬೆಳ್ಳಿಹಬ್ಬದ ಫೋಟೋ ಎಂದು ಮನೆಯಲ್ಲಿರುವುದು ಅದೊಂದೇ.

ಎರಡನೆಯ ದಿನ ಬಸ್ಸು ಹತ್ತಿದೆವು. ಅಲ್ಲಿ ಬಸ್ಸೆಂದರೆ ನಮ್ಮ ಮಂಗಳೂರಿನ ಸರ್ವಿಸ್ ವ್ಯಾನು ಇದ್ದ ಹಾಗೆ, ಹಾಡು ಜೋರು, ಮಂದಿ ಒತ್ತೊತ್ತು. ಹತ್ತಿದವರು ಎಲ್ಲರಿಗೂ ಕೇಳುವಂತೆ 'ಗುಡ್ ಮಾರ್ನಿಂಗ್' ಹೇಳಬೇಕು, ಒಳಗಿದ್ದವರು ತಿರುಗಿ ಹೇಳುತ್ತಾರೆ. ಹೇಳದೆ ಕೂತರೆ ಮರ್ಯಾದೆ ಇಲ್ಲದವರು. ಇವರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನ್ಯೂಜೆರ್ಸಿಯಲ್ಲಿ ಲಿಫ್ಟಿನೊಳಗೆ ಇಪ್ಪತ್ತೆರಡು ವರ್ಷ ಮೇಲಿನ ಅಂಕೆ ನೋಡುತ್ತಾ ನಿಂತ ಮನುಷ್ಯ ಇವರು. ಒಂದೇ ಬೆಳಿಗ್ಗೆ ಮೂರು ಬಸ್ಸು ಹತ್ತಿ ಇಳಿದೆವು. ಹೋಗಬೇಕಾದ ಊರು ಒಂದೂ ಇರಲಿಲ್ಲ.

ಮಧ್ಯಾಹ್ನ ದೋಣಿಯಲ್ಲಿ ಮೊಲಿನೇರ್ ಕೊಲ್ಲಿಗೆ ಹೋದೆವು. ಅಲ್ಲಿ ಜೇಸನ್ ಡಿಕೇರ್ಸ್ ಟೇಲರ್ ಎಂಬ ಶಿಲ್ಪಿ 2006ರಲ್ಲಿ ನೀರಿನಡಿ ಮೂರ್ತಿಗಳನ್ನು ಇಟ್ಟಿದ್ದಾನೆ. ಮಕ್ಕಳು ಕೈಕೈ ಹಿಡಿದು ವೃತ್ತವಾಗಿ ನಿಂತಿದ್ದಾರೆ, ಮೈಮೇಲೆ ಹವಳ ಬೆಳೆದಿದೆ. ನನಗೆ ಮಾತೇ ಹೊರಡಲಿಲ್ಲ. ಇವರು ದೋಣಿಯವನನ್ನು ಕೇಳಿದ್ದು, "ಇವರೆಲ್ಲ ಒಂದೇ ಮನೆಯವರಾ?"

ಇನ್ನು ಜಾಯಿಕಾಯಿ. ಗ್ರೆನಾಡದ ಬಾವುಟದಲ್ಲೇ ಜಾಯಿಕಾಯಿ ಇದೆ. ದಂಡೆಯ ಸಂಬಾರ ಮಾರುವ ಹೆಂಗಸು ಒಂದು ಹಣ್ಣು ಬಿಡಿಸಿ ತೋರಿಸಿದಳು. ಹಳದಿ ಸಿಪ್ಪೆ ಎರಡು ಹೋಳಾಯಿತು, ಒಳಗೆ ಕಡುಕೆಂಪು ಜಾಪತ್ರೆ ಬಲೆ ಹೆಣೆದ ಹಾಗೆ ಸುತ್ತಿಕೊಂಡಿತ್ತು, ಆ ಬಲೆಯ ಸಂದಿಯಲ್ಲಿ ಈಗಷ್ಟೇ ಎಣ್ಣೆ ಸವರಿದಂತೆ ಹೊಳೆಯುವ ಕಂದು ಚಿಪ್ಪು. ಇವರು ಅದನ್ನು ಅಂಗೈಯಲ್ಲಿಟ್ಟು ಮೂಸಿ, "ನಮ್ಮ ಕೆಳಗಿನ ತೋಟದಲ್ಲಿ ಅಡಿಕೆ ಮರದ ಎಡೆಯಲ್ಲಿ ಇದರದ್ದೇ ಎರಡು ಮರ ಇದೆ," ಎಂದರು. ಚಕ್ರ ಸಿಕ್ಕಿತು, ಎಲಚಿ ಮರವೂ ಸಿಕ್ಕಿತು. 2004ರ ಐವನ್ ಚಂಡಮಾರುತಕ್ಕೆ ತನ್ನ ತಂದೆಯ ಮರಗಳೆಲ್ಲ ಒಂದೇ ದಿನದಲ್ಲಿ ಉರುಳಿದವು ಎಂದು ಅವಳು ಹೇಳಿದಾಗ ಇವರು ಮರಳ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಸಾವಿನ ಮನೆಗೆ ಹೋದವರ ದನಿಯಲ್ಲಿ, "ಎಷ್ಟು ಪ್ರಾಯದ ಮರ? ಫಲ ಬಿಡುತ್ತಿತ್ತಾ?" ಎಂದು ಕೇಳಿದರು. ಅರ್ಧ ಗಂಟೆ ಕೂತರು. ಎದ್ದಾಗ ಕೊರಳಲ್ಲಿ ಜಾಯಿಕಾಯಿ, ಚಕ್ಕೆ, ಲವಂಗ, ಅರಿಸಿನದ ಕೊಂಬು ಪೋಣಿಸಿದ ಹಾರ. ದುಡ್ಡು ಅವಳು ತೆಗೆದುಕೊಳ್ಳಲಿಲ್ಲ. ನನಗೆ ಕೊಂಡದ್ದಕ್ಕೆ ತೆಗೆದುಕೊಂಡಳು.

ನಿಜವಾದ ಬೇಟೆ ನಡೆದದ್ದು ಶನಿವಾರ, ಸೇಂಟ್ ಜಾರ್ಜಸ್ ಪೇಟೆಯ ಸಂತೆಯಲ್ಲಿ. ಅಲ್ಲಿಯವರು ಕಲಲೂ ಎಂದು ಮಾರುವುದು ನಮ್ಮ ಕೆಸುವಿನ ಎಲೆಯನ್ನೇ. ಅದನ್ನೂ ಜೀಗುಜ್ಜೆಯನ್ನೂ ತೆಂಗಿನ ಹಾಲಿನಲ್ಲಿ ಅರಿಸಿನ ಹಾಕಿ, ಹಾಲು ಇಂಗಿ ತಳದಲ್ಲಿ ಎಣ್ಣೆ ಉಳಿಯುವವರೆಗೆ ಬೇಯಿಸಿದರೆ ಆಯಿಲ್ ಡೌನ್, ಅವರ ರಾಷ್ಟ್ರೀಯ ಅಡುಗೆ. ಅವರು ಅದಕ್ಕೆ ಉಪ್ಪುಮಾಂಸ ಹಾಕುತ್ತಾರೆ, ಅದೊಂದು ಬಿಟ್ಟರೆ ನನ್ನ ಅತ್ತೆ ಮಾಡಿದ್ದು ಎಂದೇ ಹೇಳಬಹುದು. ಎಲೆಯ ರಾಶಿಯ ಮುಂದೆ ದೊಡ್ಡ ಟೊಪ್ಪಿ, ಕಪ್ಪು ಕನ್ನಡಕದ ಒಬ್ಬಾಕೆ ದಂಟು ತಿರುಗಿಸಿ ನೋಡುತ್ತಾ, "ತುರಿಸ್ತದೋ ಏನೋ, ದೇವರಿಗೇ ಗೊತ್ತು," ಎಂದು ತನ್ನಷ್ಟಕ್ಕೆ ಗೊಣಗಿದಳು.

"ಹುಣಸೆಹುಳಿ ಸ್ವಲ್ಪ ಮುಂದೆ ಹಾಕಿ, ತುರಿಸೂದಿಲ್ಲ," ಎಂದರು ಇವರು ಹಿಂದಿನಿಂದ.

ಆಕೆ ಬೆಚ್ಚಿಬಿದ್ದು ತಿರುಗಿದಳು. ಮುಂದಿನದು ನಿಮಗೆ ಗೊತ್ತೇ ಇದೆ. ಊರು ಎಲ್ಲಿ ಆಯ್ತು? ಈಗ ಟೊರಾಂಟೊ. ಮಗ ಇಲ್ಲಿ ಎರಡನೆಯ ವರ್ಷ, ಪರೀಕ್ಷೆ ಹತ್ತಿರ, ಅಡುಗೆ ಮಾಡಿ ಹಾಕಲು ಬಂದದ್ದು. ಯಜಮಾನರ ಮನೆ? ಆಕೆ ಮನೆಯ ಹೆಸರು ಹೇಳಿದಳು. ಇವರ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಆ ಮನೆಯ ಹೆಸರನ್ನು ನಮ್ಮಲ್ಲಿ ಊಟದ ಹೊತ್ತಿಗೆ ತೆಗೆಯುವ ಕ್ರಮ ಇಲ್ಲ. ಇವರ ಮುತ್ತಜ್ಜನ ತಮ್ಮನಿಗೆ ಮಕ್ಕಳಿರಲಿಲ್ಲ. ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ ಅವರ ಹೆಂಡತಿ, ಹಣ್ಣುಹಣ್ಣು ಮುದುಕಿ, ತನ್ನ ತವರಿನ ಕಡೆಯ ಮೂರು ವರ್ಷದ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡರು. ಹೊಳೆಬದಿಯ ಅಡಿಕೆ ತೋಟ ಆ ಹುಡುಗನ ಪಾಲಿಗೆ ಹೋಯಿತು. ನಮ್ಮ ಮಾವನವರು ದತ್ತೇ ಅಸಿಂಧು ಎಂದು ಕೋರ್ಟಿಗೆ ಹೋದರು. ಹನ್ನೊಂದು ವರ್ಷ ಕೇಸು. ಮದುವೆಗೆ ಕರೆಯಲಿಲ್ಲ, ಬೊಜ್ಜಕ್ಕೆ ಹೋಗಲಿಲ್ಲ, ಒಂದೇ ಬಸ್ಸಿನಲ್ಲಿ ಸಿಕ್ಕಿದರೆ ಒಬ್ಬರು ಇಳಿದು ನಡೆಯುತ್ತಿದ್ದರು. ಆ ದತ್ತುಪುತ್ರನೇ ಈಕೆಯ ಯಜಮಾನ.

ನಾನು ಇವರ ಅಂಗಿಯ ತೋಳು ಎಳೆದೆ, ಮೆಲ್ಲ ಜಾರಿಕೊಳ್ಳುವ ಎಂದು. ಇವರು ಬೆರಳು ಮಡಚಿ ಲೆಕ್ಕಕ್ಕೆ ತೊಡಗಿದ್ದರು. "ಮುತ್ತಜ್ಜನ ತಮ್ಮನ ಮಗ ಅಂದರೆ ನನ್ನ ಅಜ್ಜನಿಗೆ ತಮ್ಮ. ನಿಮ್ಮ ಯಜಮಾನರು ನನಗೆ ಸಣ್ಣಜ್ಜ. ಹಾಗಾದರೆ ನೀವು," ಎಂದು ಕೆಸುವಿನ ರಾಶಿಯ ಮೇಲಿಂದ ಕೈ ಮುಗಿದು, "ನನಗೆ ಸಣ್ಣಜ್ಜಿ!"

ಇವರಿಗೆ ಐವತ್ತನಾಲ್ಕು, ತಲೆಯಲ್ಲಿ ಕೂದಲಿಲ್ಲ. ಸಣ್ಣಜ್ಜಿಗೆ ನಲವತ್ತೇಳು, ಉಗುರಿಗೆ ಕೆಂಪು ಬಣ್ಣ. ಅಷ್ಟರಲ್ಲಿ ಮಗ ಬಂದು "ಹಾಯ್ ಅಂಕಲ್," ಎಂದ. "ಅಂಕಲ್ ಅಲ್ಲ, ಲೆಕ್ಕದಲ್ಲಿ ನಾನು ನಿಮಗೆ ಮಗ ಆಗಬೇಕು, ಅಪ್ಪಚ್ಚಿ," ಎಂದರು ಇವರು. ಹುಡುಗ ಒಂದು ಕ್ಷಣ ಇವರ ಮುಖ ನೋಡಿ, ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದ. ಬೆಳಗ್ಗಿನಿಂದ ನೀರು ಎಷ್ಟು ಕುಡಿದಿರಿ, ಇವತ್ತು ಯಾವ ವಾರ, ಈಗ ಎಲ್ಲಿದ್ದೀರಿ ಎಂದು ಗೊತ್ತಾ, ಎಂದು ಒಂದೊಂದೇ ಕೇಳಿದ. ಪಾಪ, ಬಿಸಿಲು ತಲೆಗೆ ಏರಿದೆ ಎಂದುಕೊಂಡಿರಬೇಕು. ಇವರು ಮಾತ್ರ ಅಪ್ಪಚ್ಚಿಯ ಕಾಳಜಿಗೆ ಕರಗಿಹೋದರು.

"ಕೇಸಿನ ವಿಷಯ ಇವರಿಗೆ ಗೊತ್ತುಂಟಲ್ಲ?" ಎಂದು ಆಕೆ ತಣ್ಣಗೆ ನನ್ನನ್ನು ಕೇಳಿದಳು. ಉತ್ತರ ಇವರೇ ಕೊಟ್ಟರು. "ಹನ್ನೊಂದು ವರ್ಷ ಕೇಸು ನಡೆಸಬೇಕಾದರೆ ಎಷ್ಟು ಹತ್ತಿರದ ಸಂಬಂಧ ಇರಬೇಕು! ದೂರದವರ ಮೇಲೆ ಯಾರಾದರೂ ಕೇಸು ಹಾಕುತ್ತಾರಾ?" ಅಪ್ಪ ಆಸ್ತಿಗಾಗಿ ಹನ್ನೊಂದು ವರ್ಷ ಅಸಿಂಧು ಎಂದು ವಾದಿಸಿದ ದತ್ತನ್ನು ಮಗ ಒಬ್ಬಳು ಅಜ್ಜಿಗಾಗಿ ಗ್ರೆನಾಡದ ಸಂತೆಯಲ್ಲಿ ನಿಂತು ಒಂದೇ ನಿಮಿಷದಲ್ಲಿ ಸಿಂಧು ಮಾಡಿಬಿಟ್ಟರು.

ಆದರೆ ಅಜ್ಜಿ ಒಪ್ಪಬೇಕಲ್ಲ. ಆಕೆ ಎಲೆ ಅಲ್ಲೇ ಬಿಟ್ಟು ಹೊರಡುವ ಅಂದಾಜಿನಲ್ಲಿದ್ದಳು. ನನಗೆ ಏನು ತೋಚಿತೋ, ಬಾಯಿಂದ ಬಂದುಬಿಟ್ಟಿತು:

"ನಿಮ್ಮ ತವರು ಎಲ್ಲಿ ಆಯ್ತು?"

ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ವಿಟ್ಲದ ಹತ್ತಿರ, ಎಂದಳು. ವಿಟ್ಲದಲ್ಲಿ ಎಲ್ಲಿ? ಐದು ನಿಮಿಷ ಕೂಡ ಬೇಕಾಗಲಿಲ್ಲ. ನನ್ನ ದೊಡ್ಡಮ್ಮನ ಮಗಳ ನಾದಿನಿಯ ಚಿಕ್ಕಮ್ಮನ ಮಗಳು. ಚಿಕ್ಕವಳಿದ್ದಾಗ ದೊಡ್ಡಮ್ಮನ ಮನೆಯ ಮದುವೆಯಲ್ಲಿ ಹೂವಿನ ಬುಟ್ಟಿಗಾಗಿ ನನ್ನ ಜಡೆ ಎಳೆದವಳು! "ಅಕ್ಕಾ," ಎಂದಳು, ಕನ್ನಡಕ ತೆಗೆದು. ನನಗೆ ತಂಗಿಯಾದರೆ ಇವರಿಗೆ ನಾದಿನಿ. ಅಲ್ಲಿಗೆ ಇವರು ಮೊಮ್ಮಗನಿಂದ ಭಾವನಾದರು. "ಅದೆಲ್ಲ ಸುತ್ತುಬಳಸಿನ ಸಂಬಂಧ, ದತ್ತಿನದ್ದೇ ಹತ್ತಿರದ್ದು," ಎಂದು ಇವರು ಬಸ್ಸಿನಲ್ಲಿ ಗೊಣಗಿದ್ದನ್ನು ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಪತ್ರೊಡೆ. ಅಕ್ಕಿ ರಾತ್ರಿಯೇ ನೆನೆಹಾಕಿದ್ದೆವು. ಹುಣಸೆಹುಳಿ ಸಂತೆಯಲ್ಲಿ ಸಿಕ್ಕಿತ್ತು, ಬೆಲ್ಲದ ಬದಲು ಅಲ್ಲಿಯ ಕಂದು ಸಕ್ಕರೆ. ಮಿಕ್ಸಿ ಅವಳು ಟೊರಾಂಟೊದಿಂದ ಮಗನಿಗಾಗಿ ಬಟ್ಟೆಯ ಮಧ್ಯೆ ಸುತ್ತಿ ತಂದದ್ದು. ದಂಟಿನ ನಾರು ತೆಗೆದು, ಎಲೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಟ್ಟು ಸವರಿ, ಮತ್ತೊಂದು ಎಲೆ ಹೊದಿಸಿ, ಸುರುಳಿ ಸುತ್ತುವಷ್ಟರಲ್ಲಿ ನಾವು ನಮ್ಮ ಎರಡೂ ಕಡೆಯ ಮದುವೆ, ಬಾಣಂತನ, ಪಾಲುಪಟ್ಟಿ ಎಲ್ಲ ಮುಗಿಸಿ ಉಪನಯನಗಳಿಗೆ ಬಂದಿದ್ದೆವು. ಅಪ್ಪಚ್ಚಿ ಇಬ್ಬರು ಗೆಳೆಯರನ್ನು ಕರೆತಂದಿದ್ದ, ಒಬ್ಬ ಟೆಕ್ಸಾಸಿನ ತೆಲುಗಿನವ. ಅವನ ಅಮ್ಮನ ತವರು ಬಳ್ಳಾರಿ ಎಂದು ಇವರು ಆಗಲೇ ಪತ್ತೆಮಾಡಿದ್ದರು. ಆದರೆ ಮಕ್ಕಳಿಗೆ ಪರೀಕ್ಷೆ. ನಾಲ್ಕು ನಾಲ್ಕು ತುಂಡು ತಿಂದು, ತುರಿಸಲಿಲ್ಲ ಎಂದು ಸರ್ಟಿಫಿಕೇಟು ಕೊಟ್ಟು, ಹೊರಟೇಬಿಟ್ಟರು.

ಸಂಜೆಯಾಯಿತು. ಮರುದಿನ ಬೆಳಿಗ್ಗೆ ನಮ್ಮ ವಿಮಾನ. ಇವರಿಗೆ ವಿಚಾರಿಸಲು ಯಾರೂ ಉಳಿದಿರಲಿಲ್ಲ, ಒಬ್ಬರೇ ದಂಡೆಗೆ ಹೋಗಿ ಕಾಡುಬಾದಾಮಿಯ ಕೆಳಗೆ ಕೂತರು. ಗ್ರಾಂಡ್ ಆನ್ಸ್ ಪಡುವಣಕ್ಕೆ ತೆರೆದ ದಂಡೆ, ನೀರೆಲ್ಲ ಜಾಪತ್ರೆಯ ಬಣ್ಣಕ್ಕೆ ತಿರುಗುತ್ತಿದ್ದದ್ದು ಅಡುಗೆಕೋಣೆಯ ಕಿಟಕಿಯಲ್ಲೂ ಕಾಣುತ್ತಿತ್ತು.

"ಏ ಇವಳೇ, ಬಾ ಮಾರಾಯ್ತಿ," ಎಂದು ಕೂಗಿದರು. "ಸೂರ್ಯ ಮುಳುಗ್ತಾ ಇದ್ದಾನೆ. ನಾವಿಬ್ಬರೇ ಅಂತ ಮಗಳು ಹೇಳಿರಲಿಲ್ಲವಾ?"

"ಹತ್ತು ನಿಮಿಷ ಇರಿ," ಎಂದೆ. "ಇವಳ ಅತ್ತಿಗೆಯ ಸೋದರಮಾವನವರೆಗೆ ಬಂದಿದ್ದೇವೆ."